ಸೀಟು, ಸಿಲಬಸ್, ಸಿನಿಮಾ: ಬಾಗಿಲು ತೆರೆಸಿದ್ದು ಯಾರು?

ಅಡ್ಮಿಷನ್ ಸಮಯ ಬಂತು ಅಂದ್ರೆ "ಮೆರಿಟ್ ಸತ್ತೋಯ್ತು" ಅನ್ನೋ ಗೋಳು ಶುರು. ಸ್ವಲ್ಪ ಹಿಂದೆ ತಿರುಗಿ ನೋಡೋಣ.

1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಬಂತು. ಮರುವರ್ಷವೇ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದರು. ಕಾಲೇಜು ತಂದ ದಿವಾನ್ ವಿಶ್ವೇಶ್ವರಯ್ಯನವರಿಗೇ ಮೀಸಲಾತಿ ಒಪ್ಪಿಗೆಯಾಗಲಿಲ್ಲ, ಹುದ್ದೆ ಬಿಟ್ಟರು.

1950. ಮದ್ರಾಸಿನ ಜಾತಿವಾರು ಸೀಟು ಹಂಚಿಕೆ ವಿರುದ್ಧ ಇಬ್ಬರು ಬ್ರಾಹ್ಮಣರು ಕೋರ್ಟಿಗೆ ಹೋದರು. ಶ್ರೀನಿವಾಸನ್ ಕೇಳಿದ್ದು ಇಂಜಿನಿಯರಿಂಗ್ ಸೀಟು. ಮೆಡಿಕಲ್ ಸೀಟಿನ ಹೆಸರಲ್ಲಿ ಹೋದ ಚಂಪಕಂ ದೊರೈರಾಜನ್ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಆದ್ರೂ 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಪೆರಿಯಾರ್ ನೆಲ ಬೀದಿಗಿಳಿಯಿತು. ಬಾಬಾಸಾಹೇಬರು ಕಾನೂನು ಮಂತ್ರಿ. ಜೂನ್‌ನಲ್ಲೇ ಸಂವಿಧಾನದ ಮೊದಲ ತಿದ್ದುಪಡಿ, 15(4)ನೇ ವಿಧಿ. ಇವತ್ತು ನಮ್ಮ ಮಕ್ಕಳು ಲ್ಯಾಬ್‌ನಲ್ಲಿ ನಿಂತಿರೋದು ಅದರ ಮೇಲೆ.

ಸೀಟು ಸಿಕ್ಕರೆ ಸಾಕಾ? 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯ್ತು. ಆದರೆ ಆ ಕಿಚ್ಚಿನಲ್ಲೇ ದಲಿತ ಚಳವಳಿ ಬೆಳೀತು. ಸಿದ್ಧಲಿಂಗಯ್ಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರೊಫೆಸರ್ ಆದರು. ಕೇರಿ ಸಿಲಬಸ್ಸಿಗೆ ಬಂತು.

ಇನ್ನು ಸಿನಿಮಾ. ಕೇರಳದ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ದಲಿತ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಹೆಸರು. ಅಲ್ಲೇ 2022ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ಜಾತಿ ತಾರತಮ್ಯದ ವಿರುದ್ಧ ಮುಷ್ಕರ ಕೂರಬೇಕಾಯ್ತು. ಮುಂದಿನ ತಿಂಗಳು ನಿರ್ದೇಶಕರು ರಾಜೀನಾಮೆ ಕೊಟ್ಟರು.

ಬಾಗಿಲ ಮೇಲೆ ನಮ್ಮ ಹೆಸರು ಬರೆದರೆ ಸಾಲದು. ಒಳಗೆ ಪಾಠ ಯಾರದ್ದು, ಕ್ಯಾಮೆರಾ ಯಾರ ಕೈಯಲ್ಲಿ, ಇದನ್ನ ಕೇಳ್ತಾನೇ ಇರಬೇಕು.

ಜೈ ಭೀಮ್.