ಗ್ರೀಕ್ ಆಲಿವ್ ಎಣ್ಣೆ

ಆಲಿವ್ ಎಣ್ಣೆಯ ದೊಡ್ಡ ಉತ್ಪಾದಕ ದೇಶಗಳಲ್ಲಿ ಸ್ಪೇನ್, ಇಟಲಿಗಳ ಜೊತೆ ಗ್ರೀಸ್‌ನ ಹೆಸರೂ ಬರುತ್ತದೆ. ಪೆಲೊಪೊನೀಸ್‌ನ ಮೆಸ್ಸೀನಿಯಾ, ಲಕೋನಿಯಾ ಪ್ರಾಂತ್ಯಗಳು ಮತ್ತು ಕ್ರೀಟ್ ದ್ವೀಪ ಇದರ ಮುಖ್ಯ ನೆಲೆಗಳು. ಲೆಸ್ಬೋಸ್, ಕೊರ್ಫು ದ್ವೀಪಗಳಲ್ಲೂ ಹಳೆಯ ತೋಪುಗಳಿವೆ. ಕೊರ್ಫುವಿನಲ್ಲಿ ಅವು ಹಬ್ಬಿದ್ದು ವೆನಿಸ್ ಆಳ್ವಿಕೆಯ ಪ್ರೋತ್ಸಾಹದಿಂದ.

ಗ್ರೀಕ್ ಎಣ್ಣೆಯ ಲಿಖಿತ ಇತಿಹಾಸ ಶುರುವಾಗುವುದೇ ಗುಮಾಸ್ತರ ಲೆಕ್ಕದಿಂದ. ಮೆಸ್ಸೀನಿಯಾದ ಪೈಲೋಸ್ ಅರಮನೆಯಲ್ಲಿ ಹಸಿ ಮಣ್ಣಿನ ಹಲಗೆಗಳ ಮೇಲೆ ಎಣ್ಣೆಯ ಬಟವಾಡೆ ಬರೆದಿಡುತ್ತಿದ್ದರು. ಕ್ರಿ.ಪೂ. 1200ರ ಸುಮಾರಿಗೆ ಅರಮನೆ ಹೊತ್ತಿ ಉರಿದಾಗ ಹಲಗೆಗಳು ಬೆಂದು ಗಟ್ಟಿಯಾದವು. ಅರಮನೆಯನ್ನು ನುಂಗಿದ ಬೆಂಕಿಯೇ ಕಡತವನ್ನು ಕಾಪಾಡಿತು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಆ ಹಲಗೆಗಳ ‘ಲೀನಿಯರ್ ಬಿ’ ಲಿಪಿಯ ಒಗಟು ಬಿಡಿಸಿದ ಮೇಲೆ, ಗುಲಾಬಿಯ ಪರಿಮಳ ಕೂಡಿಸಿದ ಎಣ್ಣೆ ದೇವತೆಗಳಿಗೆ ಸಲ್ಲುತ್ತಿದ್ದ ವಿವರ ಹೊರಬಿತ್ತು.

ಮುಂದೆ ಅಥೆನ್ಸ್‌ನಲ್ಲಿ ಶಾಸನಕರ್ತ ಸೋಲನ್, ಕೃಷಿ ಉತ್ಪನ್ನಗಳ ಪೈಕಿ ಆಲಿವ್ ಎಣ್ಣೆಯೊಂದನ್ನು ಮಾತ್ರ ಹೊರಗೆ ಮಾರಲು ಬಿಟ್ಟನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಪ್ಯಾನ್‌ಅಥೀನಿಯಾ ಉತ್ಸವದ ಪಂದ್ಯಗಳಲ್ಲಿ ಗೆದ್ದವರಿಗೆ ಬಹುಮಾನವೂ ಎಣ್ಣೆಯೇ, ಚಿತ್ರ ಬರೆದ ದೊಡ್ಡ ಜಾಡಿಗಳಲ್ಲಿ.

ಇಂದಿನ ಎಣ್ಣೆಯ ಬಹುಪಾಲು ಬರುವುದು ಕೊರೊನೇಯಿಕಿ ತಳಿಯಿಂದ. ಕಾಯಿ ತೀರಾ ಚಿಕ್ಕದು, ಎಣ್ಣೆಯ ಅಂಶ ಮಾತ್ರ ಭರ್ಜರಿ. ಪ್ರಸಿದ್ಧ ಕಲಮಾಟಾ ಕಾಯಿ ಹೆಚ್ಚಾಗಿ ಉಪ್ಪಿನಲ್ಲಿ ಊರಿ ತಿನ್ನಲಿಕ್ಕೇ ಸೈ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಕೊಯ್ಲು. ಮರದಡಿ ಬಲೆ ಹಾಸಿ, ಕೋಲಿನಿಂದಲೋ ಯಂತ್ರದ ಬಾಚಣಿಗೆಯಿಂದಲೋ ಕಾಯಿ ಉದುರಿಸಿ, ಎಲೆ ಆಯ್ದು, ಚೀಲ ತುಂಬುತ್ತಾರೆ. ಚೀಲದಲ್ಲೇ ಕುಳಿತರೆ ಕಾಯಿ ಹುದುಗೆದ್ದು ಎಣ್ಣೆ ಕೆಡುತ್ತದೆ; ಆದ್ದರಿಂದ ಸಾಧ್ಯವಾದರೆ ಅಂದೇ ಊರ ಗಾಣಕ್ಕೆ ಸಾಗಿಸಬೇಕು. ಅಲ್ಲಿ ತೊಳೆದು, ಬೀಜಸಮೇತ ಅರೆದು, ಆ ಮುದ್ದೆಯನ್ನು ಅರ್ಧ ಗಂಟೆಯಷ್ಟು ಹೊತ್ತು ನಿಧಾನಕ್ಕೆ ಕಲಕುತ್ತಾರೆ. ಹನಿಗೆ ಹನಿ ಕೂಡಿಕೊಳ್ಳುವುದು ಈ ಹಂತದಲ್ಲೇ. ಬಿಸಿ ಹೆಚ್ಚಿಸಿದರೆ ಎಣ್ಣೆ ಜಾಸ್ತಿ ಇಳಿಯುತ್ತದೆ, ಪರಿಮಳ ಹಾರಿಹೋಗುತ್ತದೆ. ‘ಕೋಲ್ಡ್ ಎಕ್ಸ್‌ಟ್ರಾಕ್ಷನ್’ ಎಂದು ಬರೆದುಕೊಳ್ಳಲು 27 ಡಿಗ್ರಿ ಸೆಲ್ಸಿಯಸ್ ಮೀರುವಂತಿಲ್ಲ. ಆಮೇಲೆ ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್ ಹಿಂಡಿ, ನೀರು, ಎಣ್ಣೆಗಳನ್ನು ಬೇರೆ ಮಾಡುತ್ತದೆ. ಅರೆದ ಕೂಲಿಯನ್ನು ಎಣ್ಣೆಯಲ್ಲೇ ಮುರಿದುಕೊಳ್ಳುವ ಪದ್ಧತಿ ಹಲವು ಗಾಣಗಳಲ್ಲಿದೆ.

ಆಮ್ಲಾಂಶ ಶೇ 0.8 ದಾಟದೆ, ರುಚಿಯಲ್ಲಿ ದೋಷವಿಲ್ಲದಿದ್ದರೆ ಅದು ‘ಎಕ್ಸ್‌ಟ್ರಾ ವರ್ಜಿನ್’. ಗ್ರೀಸ್‌ನ ಎಣ್ಣೆಯಲ್ಲಿ ಬಹುಭಾಗ ಈ ದರ್ಜೆಯದೇ. ಹಸಿರು ಕಾಯಿಯ ಹೊಸ ಎಣ್ಣೆ ಕಹಿ, ಗಂಟಲಿಗೆ ಖಾರ. ಅದೇ ಅದರ ಹೆಚ್ಚುಗಾರಿಕೆ.

ಇಷ್ಟಾದರೂ ಹೆಸರು ಬೇರೆಯವರ ಪಾಲಾಗುತ್ತದೆ. ತೋಪುಗಳು ಚಿಕ್ಕವು, ಕುಟುಂಬಗಳ ಕೈಯಲ್ಲಿ ಹಂಚಿಹೋದವು. ಬಾಟಲಿ ತುಂಬಿ, ಬ್ರಾಂಡ್ ಕಟ್ಟಿ ಮಾರುವ ಶಕ್ತಿ ಕಡಿಮೆ. ಹಾಗಾಗಿ ಮನೆಖರ್ಚಿನ ತಗಡಿನ ಡಬ್ಬಗಳನ್ನು ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ದೊಡ್ಡ ಪಾಲು ಸಗಟಾಗಿ ಇಟಲಿಗೆ ಸಾಗಿ, ಅಲ್ಲಿಯ ಎಣ್ಣೆಗಳೊಂದಿಗೆ ಬೆರೆಯುತ್ತದೆ. ಕಲಮಾಟಾ, ಕ್ರೀಟ್‌ನ ಸಿಟಿಯಾ ಮೊದಲಾದ ಊರುಗಳ ಎಣ್ಣೆಗೆ ಯುರೋಪಿಯನ್ ಒಕ್ಕೂಟ ಮೂಲಸ್ಥಳದ ರಕ್ಷಣೆ ಕೊಟ್ಟಿದೆ. ಆ ಮುದ್ರೆಯ ಬಾಟಲಿಗಳ ಮೇಲಾದರೂ ಊರಿನ ಹೆಸರು ಕಾಣಸಿಗುತ್ತದೆ.