ಆನೆ ಲದ್ದಿ ಹೇಳಿದ ಲೆಕ್ಕ

ತಾಳವಾಡಿಯ ಮುಸುಕಿನ ಜೋಳದ ಹೊಲವಿರಲಿ, ವಯನಾಡಿನ ಗದ್ದೆ ಇರಲಿ, ಕಾಡಾನೆ ಬಂದುಹೋದ ಮರುದಿನ ಉಳಿಯುವುದು ತುಳಿದ ಬೆಳೆ ಮತ್ತು ಲದ್ದಿ. ದೇಶದ ಆನೆಗಳನ್ನು ಈಗ ಎಣಿಸಿರುವುದು ಈ ಲದ್ದಿಯಿಂದಲೇ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯ ವರದಿ 2025ರ ಅಕ್ಟೋಬರ್‌ನಲ್ಲಿ ಹೊರಬಂದಿದ್ದು, ಅದರ ಪ್ರಕಾರ ಭಾರತದಲ್ಲಿ ಸುಮಾರು 22,446 ಕಾಡಾನೆಗಳಿವೆ. ಕರ್ನಾಟಕದಲ್ಲಿ 6,013, ತಮಿಳುನಾಡಿನಲ್ಲಿ 3,136, ಕೇರಳದಲ್ಲಿ 2,785. ರಾತ್ರಿ ತಾಳವಾಡಿಯಲ್ಲಿ ಮೇದ ಆನೆ ಬೆಳಗಾಗುವಷ್ಟರಲ್ಲಿ ಚಾಮರಾಜನಗರದ ಕಾಡು ಸೇರಿರಬಹುದಾದ್ದರಿಂದ ರಾಜ್ಯವಾರು ಅಂಕಿಗಳನ್ನು ಅಷ್ಟು ಬಿಗಿಯಾಗಿ ಹಿಡಿಯಬೇಕಾಗಿಲ್ಲ.

ಲದ್ದಿ ಹೊರಬರುವಾಗ ಕರುಳಿನ ಒಳಪದರದ ಜೀವಕೋಶಗಳು ಅದರ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಅವುಗಳಲ್ಲಿ ಆ ಆನೆಯ ಡಿಎನ್‌ಎ ಇರುತ್ತದೆ. ಹಾಗಾಗಿ ಬೇಕಾಗುವುದು ಒಳಗಿನ ನಾರಲ್ಲ, ಹೊರಪದರ. ಅದೂ ತಾಜಾ ಆಗಿರಬೇಕು, ಬಿಸಿಲು ಮಳೆಗೆ ಡಿಎನ್‌ಎ ಕೆಡುತ್ತದೆ. ಡಿಎನ್‌ಎಯ 11 ಗೊತ್ತಾದ ತಾಣಗಳನ್ನು ಹೋಲಿಸಿದರೆ ಒಂದು ಆನೆಯನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಬಹುದು. ಹೀಗೆ 21,056 ಮಾದರಿಗಳಿಂದ 4,065 ಬೇರೆ ಬೇರೆ ಆನೆಗಳು ಪತ್ತೆಯಾದವು. ಒಂದೇ ಆನೆಯ ಲದ್ದಿ ಎಷ್ಟು ಸಲ ಮತ್ತೆ ಸಿಕ್ಕಿತು ಎಂಬುದರ ಮೇಲೆ, ಸಿಗದೆ ಉಳಿದ ಆನೆಗಳನ್ನು ಅಂದಾಜು ಮಾಡಲಾಗುತ್ತದೆ.

2017ರ ಗಣತಿಯಲ್ಲಿ 27 ಸಾವಿರಕ್ಕೂ ಹೆಚ್ಚು ಆನೆಗಳಿದ್ದವಲ್ಲ, ಕಡಿಮೆಯಾದವೇ? ಹಾಗೆ ಹೇಳಲಾಗದು. ಎಣಿಸುವ ವಿಧಾನವೇ ಬದಲಾಗಿದೆ. ಮುಂದಿನ ಗಣತಿಗಳನ್ನು ಈ ಅಂಕಿಯೊಂದಿಗೆ ಹೋಲಿಸಬೇಕು.

ಗಡಿಭಾಗದವರಿಗೆ ಇದಕ್ಕಿಂತ ಮುಖ್ಯವಾದದ್ದು 2005ರಲ್ಲಿ ಟಿ.ಎನ್.ಸಿ. ವಿದ್ಯಾ, ರಾಮನ್ ಸುಕುಮಾರ್ ಮತ್ತಿತರರು ಪ್ರಕಟಿಸಿದ ಸಂಶೋಧನೆ. ಬಂಡೀಪುರ, ಮುದುಮಲೈ, ವಯನಾಡು, ಸತ್ಯಮಂಗಲ ಕಾಡುಗಳನ್ನು ಒಳಗೊಂಡ ನೀಲಗಿರಿ ಸುತ್ತಿನ ಆನೆಗಳು ಏಷ್ಯಾದ ಆನೆಗಳಲ್ಲೇ ಅತಿ ದೊಡ್ಡ ಸಮುದಾಯ. ಆದರೂ ತಾಯಿಯ ಕಡೆಯಿಂದ ಬರುವ ಡಿಎನ್‌ಎಯಲ್ಲಿ ಅವುಗಳಲ್ಲಿ ಕಂಡದ್ದು ಒಂದೇ ಬಗೆ! ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡ್ ಬಳಿ ತುಂಡಾಗುತ್ತದೆ. ಅದರಾಚೆಯ ಆನಮಲೈ ಆನೆಗಳು ವಂಶವಾಹಿಯಲ್ಲಿ ಇವುಗಳಿಗಿಂತ ಬೇರೆ. ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ವೈವಿಧ್ಯ ಹೆಚ್ಚಿರುವುದಿಲ್ಲ.

ಹೆಣ್ಣಾನೆಗಳು ತಾಯಿಯ ಹಿಂಡಿನಲ್ಲೇ ಉಳಿಯುತ್ತವೆ. ದೂರ ಹೋಗಿ ಬೇರೆ ಹಿಂಡಿಗೆ ವಂಶವಾಹಿ ಒಯ್ಯುವುದು ಗಂಡಾನೆ, ಅಂದರೆ ನಾವು ಹೊಲದಿಂದ ಓಡಿಸುವ ಅದೇ ಒಂಟಿ ಸಲಗ. ಬೆಳೆ ಕಳೆದುಕೊಂಡವನಿಗೆ ಇದು ಸಮಾಧಾನದ ಮಾತಲ್ಲ, ಪರಿಹಾರದ ಹಣ ಬೇರೆಯೇ ವಿಷಯ. ಆದರೆ ಸತ್ಯಮಂಗಲದಿಂದ ಮಲೆ ಮಹದೇಶ್ವರ ಬೆಟ್ಟ, ಕಾವೇರಿ ಕಾಡಿನ ಮೂಲಕ ಹೊಸೂರಿನವರೆಗಿನ ದಾರಿ ಕಡಿದುಹೋದರೆ ಆ ಓಡಾಟವೂ ನಿಲ್ಲುತ್ತದೆ. ನೀಲಗಿರಿಯ ಸೀಗೂರು ಆನೆ ದಾರಿಯ ರಕ್ಷಣೆಗೆ ತಮಿಳುನಾಡು ಸರ್ಕಾರ ಹೊರಡಿಸಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು.