ಹಿಂದಿನ ಅಚ್ಚಿನ ಸದ್ದು

ಎತ್ತಿನ ಬಂಡಿ ತಿರುವಿನಲ್ಲಿ ಹೊರಳುವುದನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಒಳಬದಿಯ ಗಾಲಿ ನಿಧಾನವಾಗಿಯೂ ಹೊರಬದಿಯ ಗಾಲಿ ವೇಗವಾಗಿಯೂ ಉರುಳುತ್ತವೆ. ಹೊರಗಿನದಕ್ಕೆ ಕ್ರಮಿಸಬೇಕಾದ ದಾರಿ ಹೆಚ್ಚು. ನಮ್ಮ ಬಡಗಿಗಳಿಗೆ ಇದು ತೊಡಕೇ ಆಗಲಿಲ್ಲ. ಅಚ್ಚು ಅಲುಗದೆ ನಿಲ್ಲುತ್ತಿತ್ತು, ಗಾಲಿಗಳು ತಮ್ಮಷ್ಟಕ್ಕೆ ತಾವು ತಿರುಗುತ್ತಿದ್ದವು, ಎಳೆಯುವ ಕೆಲಸ ಎತ್ತುಗಳದಾಗಿತ್ತು. ಯಂತ್ರ ಬಂದು, ಗಾಲಿಯನ್ನೇ ತಿರುಗಿಸಿ ಬಂಡಿಯನ್ನು ಮುಂದೂಡಬೇಕಾದಾಗ ತೊಡಕು ಹುಟ್ಟಿತು. ಎರಡೂ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ಉಜ್ಜಿಕೊಂಡೇ ಹೋಗಬೇಕು.

ಇದಕ್ಕೆ ಉತ್ತರವನ್ನು 1820ರ ದಶಕದ ಕೊನೆಯಲ್ಲಿ, ಉಗಿಬಂಡಿಗೆಂದು, ಫ್ರಾನ್ಸಿನ ಗಡಿಯಾರ ಕುಶಲಿ ಒನೆಸಿಫೋರ್ ಪೆಕ್ಯೂರ್ ಕಂಡುಕೊಂಡನು. ಇಂಜಿನ್ನಿನಿಂದ ಬಂದ ದಂಡ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಗೂಡಿನೊಳಗೆ ಪುಟ್ಟ ಹಲ್ಲುಗಾಲಿಗಳು ಎರಡು ಅರೆ-ಅಚ್ಚುಗಳ ನಡುವೆ ನಿಂತು ಶಕ್ತಿಯನ್ನು ಹಂಚುತ್ತವೆ. ನೇರ ದಾರಿಯಲ್ಲಿ ಅವು ತಮ್ಮ ಸುತ್ತ ತಿರುಗವು. ತಿರುವಿನಲ್ಲಿ ಮಾತ್ರ ತಿರುಗಿ, ಒಂದು ಗಾಲಿ ಕಳೆದುಕೊಂಡಷ್ಟು ಸುತ್ತನ್ನು ಇನ್ನೊಂದಕ್ಕೆ ಕೊಡುತ್ತವೆ. ಇದೇ ಡಿಫರೆನ್ಷಿಯಲ್. 1870ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಇದೇ ತತ್ತ್ವವನ್ನು ತುಳಿಯುವ ಬಂಡಿಗೆ ಅಳವಡಿಸಿದನು. 1926ರಲ್ಲಿ ಪ್ಯಾಕರ್ಡ್ ಕಂಪನಿ ಪಿನಿಯನ್ನನ್ನು ಕ್ರೌನಿನ ನಡುಮಟ್ಟದಿಂದ ಕೆಳಗಿಳಿಸಿದ ಹೈಪಾಯ್ಡ್ ಹಲ್ಲುಗಳನ್ನು ಕಾರಿಗೆ ತಂದಿತು. ಸದ್ದು ತಗ್ಗಿತು, ಆದರೆ ಹಲ್ಲುಗಳು ಒಂದರ ಮೇಲೊಂದು ಹೆಚ್ಚು ಜಾರುವುದರಿಂದ ತಕ್ಕ ಎಣ್ಣೆ ಇಲ್ಲದೆ ಬದುಕವು.

1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಯುವ ವಾಹನವನ್ನು ಕೇಳಿತು. ಬ್ಯಾಂಟಮ್, ವಿಲ್ಲಿಸ್, ಫೋರ್ಡ್ ಕಂಪನಿಗಳ ಪೈಪೋಟಿಯಲ್ಲಿ ಜೀಪ್ ಹುಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಅದಕ್ಕೆ ಮುಂದೊಂದು, ಹಿಂದೊಂದು ಡಿಫರೆನ್ಷಿಯಲ್; ಮುಂದಕ್ಕೂ ಹಿಂದಕ್ಕೂ ನಡುವೆ ಮೂರನೆಯದಿಲ್ಲ. ಕೆಸರಿನಲ್ಲಿ ಗಾಲಿ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ನಾಲ್ಕೂ ಗಾಲಿಗಳನ್ನು ಜೋಡಿಸಿ ಓಡಿಸಿದರೆ ಆ ಭಾರವೆಲ್ಲ ಹಲ್ಲು, ದಂಡಗಳ ಮೇಲೆ ಬೀಳುತ್ತದೆ.

1945ರಲ್ಲಿ ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಕೂಡಿ ಮಹೀಂದ್ರ ಆ್ಯಂಡ್ ಮೊಹಮ್ಮದ್ ಎಂಬ ಸಂಸ್ಥೆ ಕಟ್ಟಿದರು. ದೇಶ ಒಡೆದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. ಮುಂಬಯಿಯಲ್ಲಿ ಉಳಿದ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅರಣ್ಯ, ಸರ್ವೆ, ಪೊಲೀಸ್, ಚುನಾವಣೆ ಎಲ್ಲಕ್ಕೂ ಅದೇ ಗಾಡಿಯಾಯಿತು.

ಅಂಥ ಒಂದು ಜೀಪಿನ ಕಡತ ನಾವು ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮೇಜಿಗೆ ಬಂದಿತು. ‘ಹಿಂದಿನ ಹೌಸಿಂಗಿನಲ್ಲಿ ಸದ್ದು’ ಎಂದು ಚಾಲಕ ಲಾಗ್‌ಬುಕ್ಕಿನಲ್ಲಿ ಹಲವು ಸಲ ಬರೆದಿದ್ದನು. ಇಂಗ್ಲಿಷ್ ಎಂ.ಎ. ಮುಗಿಸಿದ್ದ ನಮಗೆ ಆ ಮಾತಿನ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ‘ದುರಸ್ತಿ ಲಾಭಕರವಲ್ಲ’ ಎಂಬರ್ಥದ ಚೆಂದದ ಇಂಗ್ಲಿಷ್ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದೆವು. ಜೀಪು ಹರಾಜಾಯಿತು.

ಕೆಲವು ತಿಂಗಳ ಬಳಿಕ ಅದನ್ನು ಮತ್ತೆ ಕಂಡೆವು. ನಮ್ಮ ಸ್ಕೂಟರಿನ ಪಕ್ಕದ ಗ್ಯಾರೇಜಿನಲ್ಲಿ, ಹರಾಜಿನಲ್ಲಿ ಕೊಂಡ ರೈತನ ಪರವಾಗಿ, ವಿಜಯಪುರ ಕಡೆಯ ಹಿರಿಯ ಮಿಸ್ತ್ರಿಯೊಬ್ಬರು ಅದರ ಕೆಳಗೆ ಮಲಗಿದ್ದರು. ಕನ್ನಡ ಕೇಳಿದೊಡನೆ ಹೊರಬಂದು ಹೇಳಿದರು: “ಸಾಹೇಬ್ರ, ಗಾಡಿ ಸತ್ತಿಲ್ರಿ. ಬೇರಿಂಗ್ ಅಷ್ಟ ಹೋಗೈತಿ.”

ಅವರ ಪರೀಕ್ಷೆ ವೈದ್ಯರದರಂತಿತ್ತು. ಮೊದಲು ಕಿವಿ. ಇಂಜಿನ್ ಎಳೆಯುವಾಗ ಊಳಿಟ್ಟು, ಕಾಲು ತೆಗೆದಾಗ ತಗ್ಗಿದರೆ ಪಿನಿಯನ್ ಕಡೆಯ ಅನುಮಾನ. ತಿರುವಿನಲ್ಲಿ ಮಾತ್ರ ಸದ್ದಾದರೆ ಒಳಗಿನ ಪುಟ್ಟ ಹಲ್ಲುಗಾಲಿಗಳ ಮೇಲೆ. ಗೇರು ಬಿದ್ದಾಗ ‘ಟಕ್’ ಎಂದರೆ ಅವಸರ ಬೇಡ, ದಂಡದ ಕೀಲಿನ ಕ್ರಾಸ್ ಸವೆದಿರಬಹುದು. ಆಮೇಲೆ ಕೈ. ಪಿನಿಯನ್ನಿನ ಫ್ಲಾಂಜನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದರು, ಅಲುಗಿತು. ಕೊನೆಗೆ ಎಣ್ಣೆ. ಬೆರಳಿಗೆ ಹತ್ತುವ ಬೂದುಬಣ್ಣದ ನಯವಾದ ಪುಡಿ ವಯಸ್ಸಿನ ಗುರುತು. ಇಲ್ಲಿ ಬಂದದ್ದು ಹೊಳೆಯುವ ಪೊರೆ, ಬೇರಿಂಗಿನದು. ಹಲ್ಲಿನ ಚೂರು ಒಂದೂ ಇರಲಿಲ್ಲ.

ಮೂಲ ಕಾರಣ ಇನ್ನೂ ಚಿಕ್ಕದು. ಹೌಸಿಂಗಿನ ಮೇಲಿನ ಉಸಿರುಗಂಡಿ ಕೆಸರಿನಿಂದ ಮುಚ್ಚಿಹೋಗಿತ್ತು. ಕಾದ ಗಾಳಿ ಹೊರಹೋಗಲಾರದೆ ಎಣ್ಣೆಯನ್ನು ಸೀಲಿನ ಮೂಲಕ ನೂಕಿತ್ತು. ಎಣ್ಣೆ ಇಳಿದು ಪಿನಿಯನ್ ಬೇರಿಂಗ್ ಒಣಗಿತ್ತು.

ಮಿಸ್ತ್ರಿ ಕ್ರೌನ್-ಪಿನಿಯನ್ ಜೋಡಿಯನ್ನು ಬದಲಿಸಲಿಲ್ಲ. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ ಅದು. ಬದಲಿಸಿದರೆ ಎರಡನ್ನೂ ಬದಲಿಸಬೇಕು. ಹೊಸ ಬೇರಿಂಗ್, ಸೀಲು ಕೂಡಿಸಿ, ಹಲ್ಲುಗಳಿಗೆ ನೀಲಿ ಬಣ್ಣ ಬಳಿದು ತಿರುಗಿಸಿದರು. ಗುರುತು ಹಲ್ಲಿನ ತುದಿಗೂ ಬುಡಕ್ಕೂ ಸರಿಯದೆ ನಡುವೆ ಮೂಡುವವರೆಗೆ ತೆಳುವಾದ ಶಿಮ್ಮುಗಳನ್ನು ತೆಗೆದು ಹಾಕಿದರು. ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗವಷ್ಟೇ ಇರಬೇಕಂತೆ. ಬಿಗಿಯಾದರೆ ಸುಡುತ್ತದೆ, ಸಡಿಲವಾದರೆ ಒಡೆಯುತ್ತದೆ. ಎರಡನೆಯ ದಿನ ಸಂಜೆ ಜೀಪು ಸದ್ದಿಲ್ಲದೆ ಹೊರಟಿತು.

ಯಂತ್ರಗಳ ಚರಿತ್ರೆಯಲ್ಲಿ ಕಂಡುಹಿಡಿದವರ ಹೆಸರುಗಳಿರುತ್ತವೆ, ಉಳಿಸಿದವರದು ಇರುವುದಿಲ್ಲ. ಆ ಜೀಪಿನ ಕಾಯಿಲೆಯನ್ನು ಮೊದಲು ಗುರುತಿಸಿದವನು ನಮ್ಮ ಚಾಲಕ. ಅವನು ಬರೆದ ಮೂರು ಪದಗಳು ಸರಿಯಾಗಿದ್ದವು, ನಮ್ಮ ಇಡೀ ಪುಟದ ಟಿಪ್ಪಣಿ ತಪ್ಪಾಗಿತ್ತು. ಅಂದಿನಿಂದ ಇಂಥ ಕಡತ ಬಂದರೆ, ಬರೆಯುವ ಮುನ್ನ ನಾವು ಕೆಳಗಿಳಿದು ಚಾಲಕನನ್ನು ಕೇಳಿ ಬರುತ್ತೇವೆ.